ಹೊಳೆಯೊಳಗೊಂದು ಬಾವಿ

ಮಣ್ಣು ಪರೀಕ್ಷೆ ಮಾಡುವವರ ಬಾಳಿನಲ್ಲಿ ನಗೆ ಬರುವ ಪ್ರಸಂಗಗಳಿಗೇನೂ ಬರವಿಲ್ಲ. ತೊಂದರೆಯೆಂದರೆ, ಬರುವಾಗ ಅವು ಹೆದರಿಕೆಯ ವೇಷ ಹಾಕಿಕೊಂಡೇ ಬರುತ್ತವೆ. ನಗುವುದೇನಿದ್ದರೂ ಆಮೇಲೆ, ಕೈಕಾಲು ನಡುಗುವುದು ನಿಂತ ಮೇಲೆ.

ನಾನು ಈ ವಿದ್ಯೆ ಕಲಿತದ್ದು ಹಾಲಂಡಿನ ಒಂದು ಬಂದರಿನಲ್ಲಿ. ಅಲ್ಲಿ ಕಡಲ ತಳಕ್ಕೆ ಕಂಬ ಹೊಡೆಯುತ್ತಾರೆ. ತಳದ ಮಣ್ಣು ಆ ಕಂಬವನ್ನು ಹಿಡಿದುಕೊಳ್ಳುತ್ತದೋ, ಕೈಬಿಡುತ್ತದೋ ಎಂದು ನೋಡುವುದು ನಮ್ಮ ಕೆಲಸ. ನಮ್ಮ ಪ್ರೊಫೆಸರರು ಕಡಲಿಗೆ ಹೆದರುತ್ತಿರಲಿಲ್ಲ, ಅದರ ಕೆಳಗಿನ ಕೆಸರಿಗೆ ಹೆದರುತ್ತಿದ್ದರು. ಆ ಹೆದರಿಕೆಯನ್ನೇ ಟ್ರಂಕಿನಲ್ಲಿ ತುಂಬಿಕೊಂಡು, ನಡುವೆ ಇನ್ನೆರಡು ದೇಶ ಸುತ್ತಿ, ಐವತ್ತರ ದಶಕದಲ್ಲಿ ನಾನು ಬಂದು ಇಳಿದದ್ದು ಕಡಲೆಂಬುದೇ ಇಲ್ಲದ ಬಾಗಲಕೋಟೆಯಲ್ಲಿ. ಐಹೊಳೆಯ ಹತ್ತಿರ ಮಲಪ್ರಭೆಗೆ ಒಂದು ಸೇತುವೆ ಕಟ್ಟುವುದಿತ್ತು. ಅದರ ಕಂಬಗಳಿಗಾಗಿ ಹೊಳೆಯೊಳಗೆ ಬಾವಿ ಇಳಿಸುವುದಿತ್ತು.

ಬಾವಿ ಇಳಿಸುವುದೆಂದರೆ, ಬೇಸಿಗೆಯಲ್ಲಿ ಹೊಳೆಯ ಉಸುಕಿನ ಮೇಲೆ ದುಂಡನೆಯ ಇಟ್ಟಿಗೆ ಗೋಡೆ ಕಟ್ಟುತ್ತಾರೆ. ಆಳುಗಳು ಅದರೊಳಗೆ ಇಳಿದು ಉಸುಕು, ಜೇಡಿ ತೋಡಿ ಮೇಲೆ ಕಳಿಸುತ್ತಾರೆ. ತೋಡಿದ ಹಾಗೆ ಗೋಡೆ ತನ್ನ ಭಾರಕ್ಕೆ ತಾನೇ ನೆಲದೊಳಗೆ ಇಳಿಯುತ್ತ ಹೋಗುತ್ತದೆ. ಬಂಡೆಗಲ್ಲು ಮುಟ್ಟಿದ ಮೇಲೆ ಒಳಗೆ ಕಾಂಕ್ರೀಟು ತುಂಬಿದರೆ ಅದೇ ಪಾಯ. ಇದನ್ನು ನೋಡಲು ಬಂದ ಊರ ಹಿರಿಯನೊಬ್ಬ ಕೇಳಿದ: "ಹೊಳ್ಯಾಗ ನಿಂತು ಬಾವಿ ತೋಡಾಕತ್ತಾರಲ್ಲ, ಇವರಿಗೆ ನೀರಡಿಕಿ ಎಷ್ಟಿರಬೇಕು!"

ಬಂಡೆ ಇಪ್ಪತ್ತಾರು ಅಡಿಗೆ ಸಿಗುತ್ತದೆ ಎಂದು ಬರೆದವಳು ನಾನು. ಸಿಗದೆ ಮಳೆಗಾಲದ ಹೊಸ ನೀರು ಬಂದುಬಿಟ್ಟರೆ, ಬುಡ ಊರದ ಬಾವಿಯನ್ನು ಹೊಳೆ ಮಗ್ಗುಲಿಗೆ ಮಲಗಿಸುತ್ತದೆ. ಒಳಗೆ ಆಳುಗಳಿದ್ದರೆ ಅವರನ್ನೂ ಸೇರಿಸಿ. ಆ ಬೇಸಿಗೆಯಲ್ಲಿ ನನ್ನ ಅನ್ನ, ನಿದ್ದೆ ಎರಡೂ ಆ ಇಪ್ಪತ್ತಾರರ ಮೇಲೆ ನಿಂತಿದ್ದವು.

೧. ಹದಿನಾಲ್ಕು ಡಬ್ಬಿ

ಹೊಳೆಯ ತಳದಿಂದ ತೆಗೆದ ಮಣ್ಣು ಪರೀಕ್ಷೆಗೆ ಮುಂಚೆ ಒಣಗಬಾರದು, ಅಲುಗಾಡಬಾರದು. ಅದಕ್ಕೆ ತಗಡಿನ ಡಬ್ಬಿಯಲ್ಲಿಟ್ಟು, ಬಾಯಿಗೆ ಮೇಣ ಹುಯ್ದು, ಬಿಳಿ ಅರಿವೆ ಬಿಗಿದು, ಮಣ್ಣು ತೆಗೆದ ತಾರೀಖಿನ ಚೀಟಿ ಹಚ್ಚುತ್ತೇವೆ. ನಮ್ಮ ಬಿಡಾರ ಆಗ ಇಳಕಲ್ಲಿನಲ್ಲಿತ್ತು. ಅಂಥ ಹದಿನಾಲ್ಕು ಡಬ್ಬಿ ಹೊತ್ತು ಬಾಗಲಕೋಟೆಯ ಬಸ್ಸು ಹತ್ತಿದೆ. ಮೇಲೆ ಹಾಕುತ್ತೇನೆಂದ ಕಂಡಕ್ಟರನನ್ನು ಗದರಿಸಿ, ಹನ್ನೆರಡನ್ನು ಕಾಲ ಬುಡಕ್ಕೂ ಎರಡನ್ನು ತೊಡೆಯ ಮೇಲೂ ಇಟ್ಟುಕೊಂಡೆ. ತಗ್ಗು ಬಂದಾಗಲೆಲ್ಲ ಅವನ್ನು ಎದೆಗೆ ಅವುಚಿಕೊಳ್ಳುತ್ತಿದ್ದೆ. ಬಿಸಿಲೆಂದು ಅವತ್ತು ಉಟ್ಟದ್ದು ಬಿಳಿ ಸೀರೆ.

ಪಕ್ಕದ ಅಜ್ಜಿ ಬಹಳ ಹೊತ್ತು ನೋಡಿದಳು. "ಸಂಗಮಕ್ಕೇನವ್ವಾ?"

ಕೂಡಲಸಂಗಮಕ್ಕೆ ಅಸ್ಥಿ ಬಿಡಲು ಹೋಗುವವರು ಇದೇ ಬಸ್ಸಿನಲ್ಲಿ ಬಂದು ಹುನಗುಂದದಲ್ಲಿ ಇಳಿಯುತ್ತಾರೆ, ಅವರ ತೊಡೆಯ ಮೇಲೂ ಬಿಳಿ ಅರಿವೆ ಬಿಗಿದ ಗಡಿಗೆ ಇರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

"ಇಲ್ಲಜ್ಜಿ, ಬಾಗಲಕೋಟಿಗೆ. ಇದು ಬರೇ ಮಣ್ಣು."

"ಹೌದ ನನ್ನವ್ವಾ, ಕಡೀಕ ಎಲ್ಲಾರೂ ಮಣ್ಣಽ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಡಬ್ಬಿ ಎಣಿಸಿದಳು. "ಅಯ್ಯ ಶಿವನ, ಹದಿನಾಕು!"

ಮುಂದಿನ ಸೀಟಿನ ಸಾಲಿ ಮಾಸ್ತರರು ಹಿಂದಕ್ಕೆ ಬಗ್ಗಿ ಚೀಟಿಗಳನ್ನು ಒಂದೊಂದಾಗಿ ಓದಿದರು. ಅವರ ಮುಖ ಬಿಳಿಚಿತು. "ಎಲ್ಲಾ ಮೂರು ದಿವಸದಾಗ ಹೋಗ್ಯಾರ!"

ಕಾಲರಾ ಎಂಬ ಮಾತನ್ನು ಮೊದಲು ಯಾರು ಆಡಿದರೋ ತಿಳಿಯದು. ಹುನಗುಂದದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಮಂದಿ ಧುಮುಕತೊಡಗಿದರು. ಕೋಳಿ ಬುಟ್ಟಿ ತಂದವನು ಕೋಳಿಯನ್ನೇ ಬಿಟ್ಟು ಹೋದ. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಡ್ರೈವರ್, ನಾನು, ಒಂದು ಕೋಳಿ. ಕಂಡಕ್ಟರ್ ಬಾಗಿಲಿನ ಹೊರಗೆ ಜೋತುಬಿದ್ದಿದ್ದ.

"ಒಳಗ ಬಾರಪಾ, ಇದು ಹೊಳಿ ಮಣ್ಣು," ಎಂದೆ.

"ಇರ್ಲಿ ಬಿಡ್ರಿ ಬಾಯಾರ, ಇಲ್ಲೆ ಗಾಳಿ ಚೊಲೊ ಐತಿ."

ಬಾಗಲಕೋಟೆಯಲ್ಲಿ ಡಬ್ಬಿ ಬಿಚ್ಚುವಾಗ ನೋಡಿದರೆ ಒಂದರ ಮೇಲೆ ಅಜ್ಜಿ ತುಳಸಿಯ ಎಲೆ ಸಿಕ್ಕಿಸಿ ಹೋಗಿದ್ದಳು. ಪರೀಕ್ಷೆ ಮಾಡಿದೆ. ಹದಿನಾಲ್ಕರಲ್ಲಿ ಎಲ್ಲಕ್ಕಿಂತ ಸತ್ವ ಹೋದ ಮಣ್ಣು ಅದೇ ಡಬ್ಬಿಯದು.

೨. ಮಲ್ಲಿಗೆಯ ಕೆಲಸ

ವರದಿ ಬರೆದು ನಮ್ಮ ಎಂಜಿನಿಯರ ಸಾಹೇಬರಿಗೆ ಕೊಟ್ಟೆ. ಅವರ ಸಹಿ ಬೀಳದೆ ಹೊಳೆಯಲ್ಲಿ ಒಂದು ಇಟ್ಟಿಗೆ ಇಡುವಂತಿರಲಿಲ್ಲ. ಬೇಸಿಗೆ ಕರಗುತ್ತಿತ್ತು. ವರದಿಯ ಮೇಲೆ ಧೂಳು ಕೂತಿತು, ಧೂಳಿನ ಮೇಲೆ ಸಾಹೇಬರ ಎಲೆಯಡಿಕೆಯ ಡಬ್ಬಿ ಕೂತಿತು.

ಅವರ ಬಂಗಲೆ ಇದ್ದದ್ದು ಕರಿ ಮಣ್ಣಿನ ಮೇಲೆ. ಕರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇಲಿನ ಗೋಡೆ ಯಾರದು ಎಂದು ಕೇಳುವುದಿಲ್ಲ. ಸಾಹೇಬರೋ ಗೋಡೆಯ ಬುಡಕ್ಕೇ ಮಲ್ಲಿಗೆ ಹಚ್ಚಿ ದಿನಾ ಎಂಟು ಕೊಡ ನೀರು ಹಾಕಿಸುತ್ತಿದ್ದರು. ಬೇಡವೆಂದು ನಾನು ಹೇಳಿದಾಗ, "ಮಣ್ಣು ಉಬ್ಬಲಿಕ್ಕೆ ಅದೇನು ಪೂರಿ ಏನ್ರಿ ಬಾಯಾರ?" ಎಂದು ನಕ್ಕಿದ್ದರು.

ಒಂದು ಬೆಳಿಗ್ಗೆ ಸಹಿ ಕೇಳಲೆಂದು ಹೋದೆ. ಅಂಗಳದಲ್ಲಿ ಅವರ ಹೆಂಡತಿ ಉಪ್ಪಿಟ್ಟಿನ ತಾಟು ಹಿಡಿದು ನಿಂತಿದ್ದರು. ಒಳಗಿನಿಂದ ದಬದಬ ಸಪ್ಪಳ. ಮಲ್ಲಿಗೆಯ ಕಡೆಯ ಮೂಲೆ ಎದ್ದು, ಚೌಕಟ್ಟು ಓರೆಯಾಗಿ, ಬಾಗಿಲು ಕಚ್ಚಿಕೊಂಡುಬಿಟ್ಟಿತ್ತು. ಕಿಟಕಿಯ ಸರಳುಗಳ ಹಿಂದೆ ಸಾಹೇಬರ ಮುಖ, ಬೆವರಿಳಿಯುತ್ತಿತ್ತು.

"ಗ್ವಾಡಿ ಕಟಕಟ ಅಂತಾವ! ಭೂಕಂಪ ಏನ್ರಿ?"

"ಇಲ್ರಿ ಸಾಹೇಬರ. ಮಲ್ಲಿಗಿ."

"ಮಲ್ಲಿಗಿ ಅಲ್ಲ, ಬಡಿಗ್ಯಾಂದು ತಪ್ಪು," ಎಂದರು. ಆ ಬಡಿಗನನ್ನು ಕರೆಯಲು ಮಂದಿ ಹೋಗಿದ್ದರು, ಅವನು ಪೇಟೆಯಲ್ಲಿ ಸಿಕ್ಕಿರಲಿಲ್ಲ. ಸಾಹೇಬರು ಸ್ವಲ್ಪ ಹೊತ್ತು ಗೋಡೆ ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಸರಳುಗಳ ನಡುವೆ ಕೈ ಹೊರಗೆ ಚಾಚಿದರು. "ಹ್ಯಾಂಗೂ ಒಳಗ ಕುಂತೇನಿ. ಆ ವರದೀದು ಇನ್ನೊಂದು ಪ್ರತಿ ಅದ ಏನು? ಕೊಡ್ರಿ, ಓದ್ತೇನಿ."

ಮೊದಲ ಪುಟದಿಂದ ಕೊನೆಯವರೆಗೆ ಓದಿ, ಸಹಿ ಹಾಕಿ, ಉಪ್ಪಿಟ್ಟಿನ ತಾಟು ಒಳಗೆ ಹೋದ ಸಂದಿನಿಂದಲೇ ಹೊರಗೆ ಕೊಟ್ಟರು. "ಇಪ್ಪತ್ತಾರು ಅಡಿ ಅಂತ ಬರದೀರಿ. ನೆಪ್ಪಿರ್ಲಿ. ಅದು ಖರೇ ಏನು ಅಂತ ನೋಡಲಿಕ್ಕೆ ನಿಮ್ಮನ್ನಽ ಇಳಸ್ತೇನಿ."

೩. ಡೊಳ್ಳು

ಹದಿನೆಂಟು ಅಡಿಯವರೆಗೆ ಬಾವಿ ಹೇಳಿದ ಮಾತು ಕೇಳಿತು. ಆಮೇಲೆ ಸಿಕ್ಕಿಕೊಂಡಿತು. ಕೆಳಗೆ ಎಷ್ಟು ತೋಡಿದರೂ ಗೋಡೆ ಇಳಿಯದು; ಸುತ್ತಲಿನ ಜೇಡಿ ಅದರ ಮೈಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಹಾಗೆ ಜೋತುಬಿದ್ದ ಬಾವಿಯಷ್ಟು ಹೆದರಿಕೆಯ ವಸ್ತು ಇನ್ನೊಂದಿಲ್ಲ. ಯಾವ ಗಳಿಗೆಗೆ ಕೈಬಿಡುತ್ತದೆ ಎಂದು ಅದಕ್ಕೂ ಗೊತ್ತಿರುವುದಿಲ್ಲ. ಆಳುಗಳನ್ನೆಲ್ಲ ಮೇಲೆ ಕರೆಸಿ, ಗೋಡೆಯ ಮೇಲೆ ಹಲಗೆ ಹಾಸಿ ಉಸುಕಿನ ಚೀಲ ಹೇರಿಸಿದೆ. ಜಗ್ಗಲಿಲ್ಲ.

ನಮ್ಮ ಮಿಸ್ತ್ರಿ ಬದಾಮಿಯವನು. ಪಾಯದ ಕೆಲಸವೆಂದರೆ ಅವನಿಗೆ ಮೊದಲಿನಿಂದ ತಾತ್ಸಾರ. "ನಮ್ಮೂರಾಗ ನೋಡ್ರಿ ಬಾಯಾರ, ಗುಡ್ಡಾ ಕೊರದು ಗುಡಿ ಮಾಡ್ಯಾರ. ಪಾಯಾನಽ ಇಲ್ಲ. ಇವತ್ತಿನ ತನಕ ಬಾಗಿಲಾ ಕಚ್ಚಿಕೊಂಡಿಲ್ಲ."

ಆಳುಗಳಲ್ಲಿ ಹೆಚ್ಚಿನವರು ಬೀರಪ್ಪನ ಒಕ್ಕಲು. ಬಾವಿಯ ಮೇಲೆ ದೇವರ ಡೊಳ್ಳು ಬಾರಿಸಿದ ಹೊರತು ತಾವು ಮತ್ತೆ ಒಳಗೆ ಇಳಿಯುವುದಿಲ್ಲ ಎಂದರು. ಸಾಹೇಬರು ಸಿಟ್ಟಾದರು. ನನಗೆ ಬಂದರಿನಲ್ಲಿ ಸಿಕ್ಕಿಕೊಂಡ ಕಂಬವನ್ನು ಯಂತ್ರದಿಂದ ಗಡಗಡ ಅಲುಗಿಸಿ ಇಳಿಸುತ್ತಿದ್ದುದು ನೆನಪಾಯಿತು. ಇಲ್ಲಿ ಯಂತ್ರವಿರಲಿಲ್ಲ, ಬೀರಪ್ಪನಿದ್ದ. "ಬಾರಸ್ರಿ," ಎಂದೆ. "ಆದ್ರ ಒಳಗ ಒಂದು ಹುಳಾನೂ ಇರಬಾರದು."

ಎಂಟು ಮಂದಿ ಡೊಳ್ಳು ಕಟ್ಟಿಕೊಂಡು ಹಲಗೆ ಹತ್ತಿ, ಬಾರಿಸುತ್ತ ಸುತ್ತು ಕುಣಿದರು. ಒಂದು ಸುತ್ತು, ಎರಡು ಸುತ್ತು. ಮೂರನೆಯದಕ್ಕೆ ನೆಲದೊಳಗೆ ಯಾರೋ ಗಂಟಲು ಸರಿಪಡಿಸಿಕೊಂಡಂತಾಯಿತು. ನೋಡನೋಡುತ್ತ ಬಾವಿ, ಚೀಲ, ಡೊಳ್ಳು, ಎಂಟು ತಲೆ ಒಂದೇ ಏಟಿಗೆ ನಾಲ್ಕು ಅಡಿ ಕೆಳಗೆ ಹೋದವು.

ನನ್ನ ಉಸಿರು ನಿಂತಿತು. ಡೊಳ್ಳು ನಿಲ್ಲಲಿಲ್ಲ. "ಇಳೀರೋ!" ಎಂದು ಮಿಸ್ತ್ರಿ ಕಿರುಚಿದ. ಎಂಟೂ ಮಂದಿಯ ಕಣ್ಣು ಬಿಟ್ಟ ಹಾಗೇ ಇತ್ತು, ಮುಖದಲ್ಲಿ ರಕ್ತವಿಲ್ಲ, ಕೈ ಮಾತ್ರ ಬಾರಿಸುತ್ತಲೇ ಇತ್ತು. ನೆಲದ ಮೇಲೆ ಇನ್ನೂ ಆಳೆತ್ತರ ಉಳಿದಿದ್ದ ಗೋಡೆಗೆ ಏಣಿ ಇಟ್ಟು ಒಬ್ಬೊಬ್ಬರನ್ನೇ ಇಳಿಸಬೇಕಾಯಿತು.

"ಯಾಕ ನಿಂದರಸ್ಲಿಲ್ಲೋ ಯಪ್ಪಾ?" ಎಂದೆ ಡೊಳ್ಳಿನವರಲ್ಲಿ ಹಿರಿಯನಿಗೆ.

"ನಿಂದರಿಸಿದ್ರ ಇನ್ನೂ ಇಳೀತದನ್ನೂ ಹೆದರಿಕಿ ರೀ." ನೀರು ಕುಡಿದು ಆಮೇಲೆ ಹೇಳಿದ: "ಡೊಳ್ಳು ಬಾರಿಸಿದ್ರ ದೇವರು ಮೈಮ್ಯಾಲ ಬರ್ತಾನಂತ ಅಪ್ಪ ಹೇಳಿದ್ದಾ. ನಾವಽ ಕೆಳಗ ಹೊಕ್ಕೇವಿ ಅಂತ ಹೇಳಿದ್ದಿಲ್ಲ."

೪. ಇಪ್ಪತ್ತಾರು

ಉಳಿದ ನಾಲ್ಕು ಅಡಿಯನ್ನು ಆಳುಗಳು ಒಂದು ಕಣ್ಣು ಮೇಲಿಟ್ಟುಕೊಂಡೇ ತೋಡಿದರು. ಇಪ್ಪತ್ತಾರಕ್ಕೆ ಹಾರೆ ಕಲ್ಲಿಗೆ ಬಡಿಯಿತು. ಆದರೆ ಎಂಥ ಕಲ್ಲು? ಅಖಂಡ ಬಂಡೆಯೋ, ಯಾವುದೋ ಕಾಲದಲ್ಲಿ ಹೊಳೆ ಉರುಳಿಸಿ ತಂದ ಬಿಡಿ ಗುಂಡೋ? ಗುಂಡಾದರೆ ಅದರ ಮೇಲೆ ನಿಂತ ಕಂಬ ಮೊದಲ ಹೊಸ ನೀರಿಗೇ ಹೊರಳುತ್ತದೆ. ಅದೇ ದಿನ ಮೇಲಿನ ಸೀಮೆಯಲ್ಲಿ ಮಳೆಯಾಗಿದೆಯೆಂದು ಸುದ್ದಿ ಬಂತು. ಹೊಳೆಯ ನೀರು ಸಣ್ಣಗೆ ಕೆಂಪೇರಿತ್ತು.

"ಬರದವರಽ ನೋಡ್ಲಿ," ಎಂದ ಮಿಸ್ತ್ರಿ, ಆಕಾಶಕ್ಕೆ ಹೇಳಿದಂತೆ. ಸಾಹೇಬರು ಕಿಟಕಿಯ ಮಾತು ಮರೆತಿರಲಿಲ್ಲ. "ಇಳೀರಿ ಬಾಯಾರ."

ಇಳಕಲ್ ಸೀರೆಯ ಕಚ್ಚೆ ಬಿಗಿದು, ಮಣ್ಣೆಳೆಯುವ ಕಬ್ಬಿಣದ ಬಕೀಟಿನಲ್ಲಿ ಕೂತೆ. ನಾಲ್ಕು ದೇಶದ ನೀರು ಕುಡಿದವಳು ನಾನು, ಬಿರುಗಾಳಿಯಲ್ಲಿ ಹಡಗು ಕಂಡವಳು. ಆದರೆ ತಲೆಯ ಮೇಲಿನ ಆಕಾಶ ಮೊದಲು ಪರಾತದಷ್ಟು, ಆಮೇಲೆ ತಾಟಿನಷ್ಟು ಆಗುವುದನ್ನು ನೋಡುತ್ತ ಇಳಿಯುವುದಿದೆಯಲ್ಲ, ಅದಕ್ಕೆ ಬೇರೆಯೇ ಎದೆ ಬೇಕು. ನನ್ನದು ಮೇಲೆಯೇ ಉಳಿದಿತ್ತು. ತಳದಲ್ಲಿ ಮೊಣಕಾಲು ಮಟ್ಟ ನೀರು. ಬಕೀಟು ಮೇಲೆ ಹೋಯಿತು.

ಹಾರೆ ಎತ್ತಿ ಬಡಿದೆ. ದಬ್. ಅಖಂಡ ಬಂಡೆಯ ದನಿ ಅದಲ್ಲ. ಕಾಲಿನಿಂದ ಕೆಸರು ಸರಿಸಿ ಮತ್ತೆ ಬಡಿದೆ. ಠಣ್! ಹಾರೆ ಪುಟಿದು ಕೈ ಜುಮ್ಮೆಂದಿತು. ಗೋಡೆಯ ಗುಂಟ ಸುತ್ತಿ ಒಂಬತ್ತು ಕಡೆ ಬಡಿದೆ. ಒಂಬತ್ತೂ ಕಡೆ ಒಂದೇ ಸ್ವರ. ಬಿಡಿ ಗುಂಡುಗಳಿಗೆ ಅಷ್ಟು ಒಗ್ಗಟ್ಟು ಇರುವುದಿಲ್ಲ.

"ಬಂಡಿಗಲ್ಲು ಐತಿ! ಅಖಂಡ ಬಂಡಿ! ಮ್ಯಾಲ ಎಳೀರಿ!"

ಮೇಲೆ ಹೋ ಎಂಬ ಕೂಗು, ಕಾಯಿ ಒಡೆದ ಸಪ್ಪಳ. ನೀರು ಮೊಣಕಾಲು ದಾಟಿತು. ಕೊನೆಗೆ ಬಕೀಟು ಇಳಿದು ಬಂತು. ಹತ್ತಲೆಂದು ಕಾಲೆತ್ತಿದರೆ ಒಳಗೆ ಒಂದು ಮಸಿ ಕುಡಿಕೆ, ಅದ್ದಿ ಬರೆಯುವ ಒಂದು ಟಾಕು, ಮೂರು ಪ್ರತಿ ಸರ್ಕಾರಿ ಕಾಗದ.

ತಾಟಿನಷ್ಟು ಆಕಾಶದ ಅಂಚಿಗೆ ಸಾಹೇಬರ ಮುಖ ಮೂಡಿತು. "ತಳಾ ನೋಡಿದವರು ಜಾಗಾದ ಮ್ಯಾಲಽ ಸಹಿ ಮಾಡಬೇಕಂತ ನಿಯಮ ಅದ ಬಾಯಾರ. ಹ್ಯಾಂಗೂ ಒಳಗ ಇದ್ದೀರಿ, ಬರದು ಕಳಸ್ರಿ!"

ಇಟ್ಟಿಗೆ ಗೋಡೆಗೆ ಕಾಗದ ಒತ್ತಿ ಹಿಡಿದು, ತೊಡೆ ಮುಟ್ಟುವ ನೀರಿನಲ್ಲಿ ನಿಂತು ಮೂರೂ ಪ್ರತಿ ತುಂಬಿದೆ. ಷರಾ ಎಂಬಲ್ಲಿ ಹೀಗೆ ಬರೆದೆ: "ಕೆಳಗೆ ಎಲ್ಲ ಗಟ್ಟಿಯಾಗಿದೆ. ಮೇಲಿನವರನ್ನು ಮೇಲೆ ಬಂದು, ಇದೇ ಹಾರೆಯಿಂದ ಪರೀಕ್ಷಿಸಲಾಗುವುದು."

ಕಾಗದ ಹೊತ್ತು ಮೇಲೆ ಹೋದ ಬಕೀಟು ಲಗುಬಗೆಯಿಂದ ಮರಳಿ ಬಂತು, ಖಾಲಿ. ಮೇಲೆ ಬಂದು ಹಾರೆ ಊರಿ ನಿಂತು ನೋಡಿದೆ. ಆಳುಗಳಿದ್ದರು, ಡೊಳ್ಳಿನ ಹಿರಿಯನಿದ್ದ, ಕೊಬ್ಬರಿ ಚೂರು ಅಗಿಯುತ್ತ ಮಿಸ್ತ್ರಿಯಿದ್ದ. ದಂಡೆಯ ಮೇಲೆ ಜೀಪಿನ ಧೂಳು ಮಾತ್ರ ಇತ್ತು.

"ಸಾಹೇಬರು ಎಲ್ಲಿ?"

"ನೀವು ಬರದದ್ದು ಎರಡು ಸಲ ಓದಿದ್ರು, ಜೀಪ ಹತ್ತಿದ್ರು," ಎಂದ ಮಿಸ್ತ್ರಿ. "ಬಾಯಾರು ಹೇಳಿದ್ದೆಲ್ಲಾ ಖರೇ ಆಗಾಕತ್ತೇತಿ, ಮೊದಲ ಹೋಗಿ ಆ ಮಲ್ಲಿಗಿ ಕಿತ್ತಸ್ತೇನಿ ಅಂದ್ರು."