ಮಾವನ ಪ್ಲೇಟಿಗೆ ರಮ್ಮು ಹಾಕಿದ್ದು

ಶುಚಿತ್ವ ಒಳ್ಳೆಯ ಗುಣ ಎನ್ನುತ್ತಾರೆ. ನನ್ನ ಮಟ್ಟಿಗೆ ಅದೊಂದು ರೋಗ. ಧೂಳು ಕಂಡರೆ ಕೈ ತುರಿಸುತ್ತದೆ. ಹೀಗೆ ತಿಕ್ಕಿ ತಿಕ್ಕಿ ಗೋಡೆ ಗಡಿಯಾರದ ಅಂಕಿಗಳನ್ನೂ ಮದುವೆ ಫೋಟೋದಲ್ಲಿದ್ದ ನನ್ನ ಮೀಸೆಯನ್ನೂ ಅಳಿಸಿದ್ದೇನೆ. ಅದನ್ನೆಲ್ಲ ನನ್ನ ಹೆಂಡತಿ ಸೀತಮ್ಮ ಕ್ಷಮಿಸಿದ್ದಳು. ಮೀಸೆ ಹೋದದ್ದಕ್ಕಂತೂ ಸಂತೋಷವನ್ನೇ ಪಟ್ಟಿದ್ದಳು. ಆದರೆ ಈ ಸಲ ನಾನು ಅಳಿಸಿದ್ದು ಅವಳ ಅಪ್ಪನನ್ನು.

ಮಾವ ಮಿಲಿಟರಿಯಲ್ಲಿದ್ದವರು. ಅವರು ತೀರಿಕೊಂಡಾಗ ಮಗಳಿಗೆ ಬಂದದ್ದು ಕೀ ಕೊಡುವ ಒಂದು ಗ್ರಾಮಫೋನು, ಮೂರು ಹಳೆಯ ಪ್ಲೇಟು. ಅದರಲ್ಲಿ ಒಂದರ ಹಾಡು ನಡುವೆ ಸಿಕ್ಕಿಕೊಂಡು ಹೇಳಿದ್ದನ್ನೇ ಹೇಳುತ್ತಿತ್ತು. ಆಗ ಮಾವ ಎದ್ದು ಬಂದು, "ನಡಿ ಮಾರಾಯ, ಮುಂದೆ ನಡಿ" ಎಂದು ಮುಳ್ಳನ್ನು ಬೆರಳಿನಿಂದ ಮೆಲ್ಲಗೆ ದೂಡುತ್ತಿದ್ದರಂತೆ. ಮಾವನ ದನಿ ಬೇರೆಲ್ಲೂ ಉಳಿದಿಲ್ಲ. ಆ ಪ್ಲೇಟು ಅಲ್ಲಿ ತಡವರಿಸಿದಾಗ ಮಾತ್ರ ಸೀತಮ್ಮನಿಗೆ ಆ "ನಡಿ ಮಾರಾಯ" ಕಿವಿಯಲ್ಲಿ ಕೇಳಿದಂತಾಗುತ್ತಿತ್ತು. ಅವಳ ತವರಿನಲ್ಲಿ ಈಗ ಯಾರೂ ಇಲ್ಲದ್ದರಿಂದ, ಹಿರಿಯರಿಗೆ ಎಡೆ ಇಡುವ ದಿನ ನಮ್ಮಲ್ಲೇ ಮಾವನಿಗೂ ಒಂದು ಎಲೆ ಹಾಕಿ ಆ ಪ್ಲೇಟನ್ನು ನುಡಿಸುತ್ತಿದ್ದಳು.

ಈ ವರ್ಷದ ಮಳೆಗೆ ಬೂಷ್ಟು ಹಿಡಿಯದ ವಸ್ತು ಮಡಿಕೇರಿಯಲ್ಲಿ ಇದ್ದಂತೆ ಕಾಣೆ. ಚಪ್ಪಲಿಗೆ ಹಿಡಿಯಿತು, ಬೆಲ್ಟಿಗೆ ಹಿಡಿಯಿತು, ಪ್ಲೇಟಿಗೂ ಹಿಡಿಯಿತು. ಎಡೆಯ ಹಿಂದಿನ ದಿನ ಸೀತಮ್ಮ ಮಾಂಸ ತರಲು ಪೇಟೆಗೆ ಹೋಗಿದ್ದಳು. ಎಡೆಗೆಂದು ತಂದ ಮಿಲಿಟರಿ ಕ್ಯಾಂಟೀನ್ ರಮ್ಮಿನ ಬಾಟಲಿ ಮೇಜಿನ ಮೇಲಿತ್ತು. ನಮ್ಮ ಕಡೆ ಶೀತಕ್ಕೂ ರಮ್ಮು, ಉಳುಕಿಗೂ ರಮ್ಮು, ಸತ್ತವರಿಗೂ ರಮ್ಮು. ಪ್ಲೇಟಿಗೆ ಮಾತ್ರ ಯಾಕೆ ಬೇಡ? ಬಟ್ಟೆಯನ್ನು ಅದರಲ್ಲಿ ನೆನೆಸಿ, ಪ್ಲೇಟಿಗೆ ಹೊದಿಸಿ, ಅರ್ಧ ಗಂಟೆ ಬಿಟ್ಟು ತಿಕ್ಕಿದೆ. ಬಟ್ಟೆ ಕಪ್ಪಾಯಿತು. ಅಬ್ಬಾ, ಎಷ್ಟು ವರ್ಷದ ಕೊಳೆ ಎಂದು ಇನ್ನಷ್ಟು ಸುರಿದು ತಿಕ್ಕಿದೆ. ಬಟ್ಟೆಗೆ ಬರುತ್ತಿದ್ದದ್ದು ಕೊಳೆಯಲ್ಲ, ಪ್ಲೇಟೇ ಎಂದು ಈ ಮಂಡೆಗೆ ಹೊಳೆಯಲಿಲ್ಲ.

ಮರುದಿನ ಎಲೆ ಬಡಿಸಿ, ಸೀತಮ್ಮ ಮುಳ್ಳು ಇಟ್ಟಳು. ಒಗ್ಗರಣೆ ಸಿಡಿದಂಥ ಸದ್ದು. ತಡವರಿಸುವ ಜಾಗ ಬಂದೀತೆಂದು ಬೆರಳು ಮುಂದೆ ಮಾಡಿಕೊಂಡು ಕೊನೆಯವರೆಗೂ ನಿಂತಿದ್ದಳು. ಬರಲಿಲ್ಲ.

"ಇದೆಂಥ ಮಾಡಿದ್ರಿ ನೀವು?"

"ಸ್ವಲ್ಪ... ರಮ್ಮಲ್ಲಿ ಒರೆಸಿದೆ."

ಅವಳು ಕಾಲು ಭಾಗ ಖಾಲಿಯಾಗಿದ್ದ ಬಾಟಲಿಯನ್ನು ನೋಡಿದಳು. "ಕುಡಿದಿದ್ರೆ ಒಳ್ಳೇದಿತ್ತು" ಎಂದಳು. ಅಲ್ಲಿಗೆ ನನ್ನೊಡನೆ ಮಾತು ನಿಂತಿತು.

ಪ್ಲೇಟು ಹಿಡಿದುಕೊಂಡು ರೇಡಿಯೋ ರಿಪೇರಿಯವನಲ್ಲಿಗೆ ಓಡಿದೆ. "ಇದು ಅರಗು ಸಾರ್, ಸ್ಪಿರಿಟ್ ತಾಗಿದ್ರೆ ಕರಗ್ತದೆ. ಬ್ಯಾಟ್ರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಸೋಪು ಹಾಕಿ, ಮೆತ್ತಗಿನ ಬ್ರಶ್ಶಲ್ಲಿ ಗೆರೆ ಹೋದ ಹಾಗೇ ತೊಳೀಬೇಕು. ನೆನೆಸ್ಲಿಕ್ಕೆ ಇಲ್ಲ. ನಡುವಿನ ಕಾಗದಕ್ಕೆ ನೀರು ತಾಗ್ಬಾರ್ದು" ಎಂದ.

"ಇದಕ್ಕೆ ಈಗ ಎಂಥ ಮಾಡುವುದು?"

"ಇದಕ್ಕೆ ಇನ್ನೆಂಥ ಸಾರ್? ಗೋಡೆಗೆ ತೂಗುಹಾಕಿ."

ಹದಿನೈದು ದಿನ ಮನೆಯಲ್ಲಿ ನನಗೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ. ರಿಪೇರಿಯವನು ಹೇಳಿದ್ದನ್ನು ನಾನು ಗೋಡೆಗೆ ಹೇಳಿದಂತೆ ಹೇಳಿದ್ದೆ, ಅವಳು ಕೇಳಿಸಿಕೊಂಡಿದ್ದಳು. ಮೊನ್ನೆ ಉಳಿದ ಎರಡು ಪ್ಲೇಟುಗಳನ್ನು ತಾನೇ ಹಾಗೆ ತೊಳೆದು, ಒಣಗಲು ನೆಟ್ಟಗೆ ನಿಲ್ಲಿಸುತ್ತಿದ್ದಳು. ನಾನು ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದೆ. ಮೌನ ತಡೆಯಲಾರದೆ, "ನಾನು ಹೋದ ಮೇಲೆ ನನ್ನ ಎಡೆಗೆ ಎಂಥ ಇಡ್ತಿ?" ಎಂದು ಕೇಳಿದೆ.

"ಬ್ಯಾಟ್ರಿ ನೀರು" ಎಂದಳು, ತಲೆ ಎತ್ತದೆ.

ಅಷ್ಟಾದರೂ ಮಾತು ಬಂತಲ್ಲ ಎಂದು ನನಗೆ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದ್ದೇ ತಡ, "ನೀವು ಎಂಥದನ್ನೂ ಒರೆಸ್ಲಿಕ್ಕೆ ಹೋಗ್ಬೇಡಿ" ಎಂದಳು.