ಸಮುದ್ರದಲ್ಲಿ ಕೋಣ ಓಡಿಸಿದ ಭಾವ

ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಮನುಷ್ಯರ ಜೊತೆ ಮಾತಾಡುವುದು ಕೋಣಗಳಿಗೆ ಬಿಡುವಿಲ್ಲದಾಗ ಮಾತ್ರ. ಸಿದ್ದಾಪುರದ ಅವರ ಮನೆಗೆ ಹೋದವರು ಮೊದಲು ಹಟ್ಟಿಯಲ್ಲಿ ಹಾಜರಿ ಹಾಕಬೇಕು. ಅಲ್ಲಿ ಎರಡು ಕೋಣಗಳ ಆರೋಗ್ಯ ವಿಚಾರಿಸಿದ ಮೇಲೆ ನಿಮಗೆ ಚಾ ಸಿಗುತ್ತದೆ. ನಿಮ್ಮ ಆರೋಗ್ಯವನ್ನು ಯಾರು ಕೇಳುತ್ತಾರೆ? ಇದನ್ನೆಲ್ಲ ಓದಿ ನಗುವಷ್ಟು ನಗಿ. ಆದರೆ ನಾನು ಬರೆಯಲು ಕೂತದ್ದು ನಗಿಸಲಿಕ್ಕಲ್ಲ, ಒಂದು ತಪ್ಪು ಹೇಳಿಕೊಳ್ಳಲಿಕ್ಕೆ.

ಪ್ರಾಯದಲ್ಲಿ ಅವರು ಕಂಬಳದ ಹಲಗೆ ಓಟದವರು. ಎರಡು ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ನಿಂತು ಕೆಸರುಗದ್ದೆ ಸೀಳಿಕೊಂಡು ಹೋಗುವ ಆಟ ಅದು. ನಲವತ್ತಕ್ಕೆ ಮೊಣಕಾಲು ಕೈಕೊಟ್ಟಿತು, ಓಟ ನಿಂತಿತು. ಮಾತು ನಿಲ್ಲಲಿಲ್ಲ. ಜೀಪು ಘಾಟಿ ಹತ್ತುವಾಗ ಸ್ಟೇರಿಂಗ್ ಸವರಿ, "ಹಾಂ ಮಗಾ, ಇನ್ನೊಂದೇ ತಿರ್ಗಾಸ್" ಎನ್ನುತ್ತಾರೆ. ಕುಕ್ಕರ್ ಕೂಗದಿದ್ದರೂ ಅದರ ಬೆನ್ನು ತಟ್ಟುವವರು.

ನಾನು ಇದಕ್ಕೆ ಪೂರ್ತಿ ಉಲ್ಟಾ. ಹೆದರಿಕೆ ನನಗೆ ಊಟದಷ್ಟೇ ನಿಯಮಿತ. ಮೂವತ್ತು ವರ್ಷ ಹಾಲಾಡಿಯಲ್ಲಿ ಬಸ್ ಏಜೆಂಟನಾಗಿದ್ದೆ. ಸಾವಿರಾರು ಜನರನ್ನು ಧೈರ್ಯವಾಗಿ ಹತ್ತಿಸಿದೆ. ನಾನು ಹತ್ತುವಾಗ ಮಾತ್ರ ಡ್ರೈವರನಿಗೆ ನಿದ್ದೆ ಸರಿಯಾಗಿದೆಯಾ ಎಂದು ಮುಖ ನೋಡಿ ಹತ್ತುತ್ತಿದ್ದೆ. ಹೀಗಾಗಿ ಮದುವೆಯಾದಂದಿನಿಂದ ಹೆಂಡತಿಯ ಬಾಯಲ್ಲಿ ಒಂದೇ ಮಾತು: "ಅಣ್ಣ ಆಯಿದ್ರೆ ಹೀಂಗ್ ಮಾಡ್ತಿರ್ಲಿಲ್ಲೆ." ಹಾವು ಬಂದರೂ ಅದೇ ಮಾತು, ಹಲ್ಲಿ ಬಂದರೂ ಅದೇ ಮಾತು.

ಭಾವನ ಮಗಳು ಬ್ರಹ್ಮಾವರದಲ್ಲಿ ಹಲ್ಲಿನ ಡಾಕ್ಟರು. ಮೊನ್ನೆ ಜನವರಿಯಲ್ಲಿ ಅವಳಿಗೊಂದು ಹುಚ್ಚು ಹತ್ತಿತು. ಎಲ್ಲರೂ ಅಂಡಮಾನಿಗೆ ಹೋಗುವುದು, ಅಲ್ಲೊಂದು ದ್ವೀಪದಲ್ಲಿ ಸರ್ಫಿಂಗ್ ಕಲಿಯುವುದು. ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವ ಆಟವನ್ನು ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದಳು. ಭಾವ ಮೂರು ಸಲ ನೋಡಿದರು.

"ಇದ್ ನಮ್ಮ ಹಲ್ಗಿ ಓಟವೇ ಅಲ್ದಾ ಮಗಾ? ಕೋಣ ಒಂದ್ ಕಾಂತಿಲ್ಲೆ."

"ಕೋಣ ನೀರಿನ್ ಅಡಿಗ್ ಇತ್ತ್ ಅಪ್ಪಯ್ಯ" ಎಂದಳು ಅವಳು. ಅಷ್ಟು ಸಾಕಾಯಿತು. ಎಪ್ಪತ್ತರ ಮುದುಕ ಚಡ್ಡಿ ಹೊಲಿಸಿದರು.

ವಿಮಾನದಲ್ಲಿ ನಾನು ಕಣ್ಣು ಮುಚ್ಚಿದವನು ಬಿಡಲಿಲ್ಲ. ಪಕ್ಕದಲ್ಲಿ ಭಾವ ಮುಂದಿನ ಸೀಟು ತಟ್ಟುತ್ತ, "ಹ್ವಾಯ್, ಹಗೂರ, ಹಗೂರ" ಎನ್ನುತ್ತಿದ್ದರು. ಆ ಸೀಟಿನಲ್ಲಿದ್ದ ಹೆಂಗಸು ಎದ್ದು ಬೇರೆ ಕಡೆ ಹೋದಳು. ಆಮೇಲೆ ಇಡೀ ದಿನ ಹಡಗು. ಇಳಿದ ಕೂಡಲೇ ಕಡಲ ದಂಡೆಯಲ್ಲಿ ನಮ್ಮನ್ನು ಸ್ವಾಗತಿಸಿದ್ದು ಒಂದು ಬೋರ್ಡು: ಈ ನೀರಿನಲ್ಲಿ ಮೊಸಳೆ ಇರಬಹುದು, ಎಚ್ಚರಿಕೆ. ಇರಬಹುದು ಎಂದರೆ ಏನರ್ಥ? ಬಸ್ ಬರಬಹುದು ಎಂದು ನಾನೇ ಎಷ್ಟು ಜನರಿಗೆ ಹೇಳಿಲ್ಲ. ಸ್ವಲ್ಪ ತಡವಾದರೂ ಅದು ಬಂದೇ ಬರುತ್ತಿತ್ತು.

ಸರ್ಫಿಂಗ್ ಕಲಿಸುವವನು ನರೆತ ಜುಟ್ಟಿನ ದಪ್ಪ ಮನುಷ್ಯ, ಹಿಂದಿಯವನು. ಮೊದಲ ದಿನವೇ ಎಲ್ಲರಿಗೂ ಒಂದೊಂದು ಹಲಗೆ ಕೊಟ್ಟು, ಇದರ ಪರಿಚಯ ಮಾಡಿಕೊಳ್ಳಿ ಎಂದ. ಭಾವ ಪರಿಚಯ ಮಾಡಿಕೊಂಡರು. ಮನೆಯಿಂದ ತಂದ ತೆಂಗಿನೆಣ್ಣೆಯನ್ನು ಹಲಗೆಗೆ ತುದಿಯಿಂದ ಬುಡದವರೆಗೆ ತಿಕ್ಕಿ ಬಿಸಿಲಿಗೆ ನಿಲ್ಲಿಸಿದರು. ಓಟದ ಮುಂಚೆ ಕೋಣಕ್ಕೆ ಎಣ್ಣೆ ತಿಕ್ಕದೆ ಯಾರಾದರೂ ಗದ್ದೆಗೆ ಇಳಿಸುತ್ತಾರೆಯೇ? ಕಾಲು ಜಾರದಿರಲೆಂದು ಆ ಹಲಗೆಗೆ ಮೇಣ ಹಚ್ಚುವುದಂತೆ. ಇವರ ಎಣ್ಣೆ ಕಂಡು ಆ ಮನುಷ್ಯ ತಲೆಗೆ ಕೈ ಹೊತ್ತು ಕೂತ, ಮರುದಿನ ಬೇರೆ ಹಲಗೆ ತಂದ.

"ಮೇಣ ಹಚ್ಚಿರೆ ಕೋಣ ಓಡುದ್ ಹ್ಯಾಂಗೆ?" ಎಂದು ಭಾವ ನನ್ನನ್ನು ಕೇಳಿದರು.

ಇನ್ನು ನಾನು ಹೇಳಬೇಕಾದದ್ದು. ಎರಡನೇ ಬೆಳಿಗ್ಗೆ ಆ ಮನುಷ್ಯ ಒಂದು ಕಾಗದ ಹಿಡಿದು ಬಂದ. ಈಜು ಬಾರದವರಿಗೆ ಕಿತ್ತಳೆ ಬಣ್ಣದ ತೇಲುವ ಅಂಗಿ, ಮಕ್ಕಳ ಜೊತೆ ಸೊಂಟದವರೆಗಿನ ನೀರು. ಈಜು ಬರುವವರಿಗೆ ಅಂಗಿ ಇಲ್ಲ, ಆಚೆಯ ದೊಡ್ಡ ಅಲೆ. ಭಾವನ ಮಗಳು ಈಜಿನವಳು. ಅವಳು ಆಗಲೇ ನೀರಿನಲ್ಲಿದ್ದಳು. ಭಾವನಿಗೆ ಹಿಂದಿ ಬಾರದು. ನಾನು ಹುಡುಗನಾಗಿದ್ದಾಗ ನಾಲ್ಕು ವರ್ಷ ಮುಂಬೈ ಕ್ಯಾಂಟೀನಿನಲ್ಲಿದ್ದವನು, ಹಾಗಾಗಿ ನಾನೇ ದುಭಾಷಿ.

ಭಾವನಿಗೆ ಈಜು ಬರುವುದಿಲ್ಲ ಎಂದು ಭೂಮಿಯ ಮೇಲೆ ಗೊತ್ತಿದ್ದದ್ದು ನನಗೊಬ್ಬನಿಗೆ. ನನ್ನ ಮದುವೆಯಾದ ವರ್ಷ ಗಂಗೊಳ್ಳಿಯಲ್ಲಿ ದೋಣಿ ಹತ್ತಿದಾಗ, ಕೋಣ ಓಡಿಸುವ ಆ ಗಂಡು ಕಿವಿಯ ಹತ್ತಿರ ಬಂದು, "ನಂಗ್ ಈಜುಕ್ ಬತ್ತಿಲ್ಲೆ ಭಾವ. ಯಾರ್ಗೂ ಹೇಳ್ಬೇಡಿ" ಎಂದಿದ್ದರು.

"ಈಜು ಬತ್ತಾ ಅಂದೇಳಿ ಕೇಂತ್ರ್" ಎಂದೆ. ಭಾವ ನನ್ನ ಮುಖ ನೋಡಿದರು. ಕೊಡೆಯ ಕೆಳಗೆ ಕೂತ ಹೆಂಡತಿ ಆಗಷ್ಟೇ, "ಅಣ್ಣನ್ ಕಾಣಿ. ನೀವ್ ಕಾಲಾರೂ ಒದ್ದಿ ಮಾಡ್ಕಣಿ" ಎಂದಿದ್ದಳು. ಅದು ಕಿವಿಯಲ್ಲಿತ್ತು. ನಾನು ಆ ಮನುಷ್ಯನ ಕಡೆ ತಿರುಗಿ, "ಆತಾ ಹೈ. ಬಹುತ್ ಅಚ್ಛಾ ಆತಾ ಹೈ" ಎಂದೆ, ಈಜು ಚೆನ್ನಾಗಿಯೇ ಬರುತ್ತದೆ ಎಂದು. ಭಾವ ಒಮ್ಮೆ ಅವಳೆದುರು ಉಪ್ಪುನೀರು ಕುಡಿಯಲಿ, ಒಮ್ಮೆ ಹೆದರಲಿ. ನನಗೆ ಬೇಕಿದ್ದದ್ದು ಅಷ್ಟೇ.

ಮೊದಲ ಅಲೆಗೆ ಭಾವ ಬಿದ್ದರು. ಎರಡನೆಯದಕ್ಕೂ ಬಿದ್ದರು. ಎರಡು ಸಲವೂ ಕಾಲಿಗೂ ಹಲಗೆಗೂ ಕಟ್ಟಿದ್ದ ಹಗ್ಗ ಅವರನ್ನು ಉಳಿಸಿತು. ಆದರೆ ಹಲಗೆ ಓಟದವನು ತನ್ನನ್ನು ಕೋಣಕ್ಕೆ ಕಟ್ಟಿಕೊಳ್ಳುವುದಿಲ್ಲ. ಬಿದ್ದರೆ ಅದು ಗದ್ದೆಯುದ್ದ ಎಳೆದುಕೊಂಡು ಹೋಗುತ್ತದೆ. ಭಾವ ಬಗ್ಗಿ ಹಗ್ಗ ಬಿಚ್ಚಿದರು. ಬಿಚ್ಚುವುದು ನನಗೆ ದಡದಿಂದ ಕಂಡಿತು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಅಲೆ ಬಂದಿತ್ತು.

ಮೂರನೇ ಅಲೆಯ ಮೇಲೆ ಅವರು ಎದ್ದು ನಿಂತರು. ಮೊಣಕಾಲು ಬಗ್ಗಿಸಿ, ಒಂದು ಕೈ ಮೇಲೆತ್ತಿ, ಗಂಟಲು ಹರಿಯುವಂತೆ ಕೋಣಗಳನ್ನು ಕೂಗುತ್ತ ಬಂದರು. ದಂಡೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹೆಂಡತಿ ನನ್ನ ಕಡೆ ನೋಡಿದಳು. ಓಟ ಮುಗಿಯಿತು ಎನ್ನಿಸಿದ ಕಡೆ ಭಾವ, ಗದ್ದೆಯಲ್ಲಿ ಇಳಿಯುವ ಹಾಗೆ, ಗತ್ತಿನಿಂದ ಪಕ್ಕಕ್ಕೆ ಕಾಲಿಟ್ಟರು. ಅಲ್ಲಿ ಕೆಸರಿರಲಿಲ್ಲ. ನೆಲವೇ ಇರಲಿಲ್ಲ.

ಹಲಗೆ ಒಂದೇ ದಡಕ್ಕೆ ಬಂತು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ನಾನು ಓಡಿದೆ. ಮೊಸಳೆ ನೆನಪಿಲ್ಲ, ಪಂಚೆ ನೆನಪಿಲ್ಲ. ಎದೆಮಟ್ಟ ನೀರಿನಲ್ಲಿ ನಿಂತು, "ಅವ್ರಿಗ್ ಈಜುಕ್ ಬತ್ತಿಲ್ಲೆ" ಎಂದು ಅರಚಿದೆ. ಆ ದ್ವೀಪದಲ್ಲಿ ಅದು ಯಾರಿಗೆ ತಿಳಿಯಬೇಕು? ಮುಂಬೈಯ ನಾಲ್ಕು ವರ್ಷದಲ್ಲಿ ಕಲಿತ ಒಂದು ಶಬ್ದವೂ ನಾಲಿಗೆಗೆ ಬರಲಿಲ್ಲ. ಬರೀ ಕೈ ತೋರಿಸಿದೆ. ಆ ಜುಟ್ಟಿನ ಮನುಷ್ಯ ಹಾರಿದ, ಮುಳುಗಿದ. ಬರಿಗೈಯಲ್ಲಿ ಮೇಲೆ ಬಂದು ಮತ್ತೆ ಮುಳುಗಿದ. ಬದುಕಿನಲ್ಲಿ ನಾನು ಸುಮ್ಮಸುಮ್ಮನೆ ಪಟ್ಟ ಹೆದರಿಕೆಗಳೆಲ್ಲ ಆ ಒಂದು ಗಳಿಗೆಯ ಮುಂದೆ ಮಕ್ಕಳಾಟ. ಎರಡನೇ ಸಲ ಅವನ ಕೈಯಲ್ಲಿ ಭಾವನ ಬಿಳಿ ತಲೆ ಇತ್ತು.

ಮರಳಿನ ಮೇಲೆ ಮಲಗಿಸಿ ನೀರು ಕಕ್ಕಿಸಿದರು. ಮಗಳು ಅಳುತ್ತ ಬೈದಳು.

"ಈಜುಕ್ ಬತ್ತಿಲ್ಯಾ ಅಪ್ಪಯ್ಯ ನಿಮ್ಗೆ? ಬತ್ತ್ ಅಂದೇಳಿ ಹೇಳದ್ದ್ ಯಾರ್?"

ನಾನು ತಲೆ ತಗ್ಗಿಸಿದೆ. ಈಗ ಹೇಳಿಬಿಡುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಭಾವ ಕೆಮ್ಮಿದರು.

"ನಾನೇ ಹೇಳದ್ದ್" ಎಂದರು.

ಮಧ್ಯಾಹ್ನ ರೂಮಿನ ಜಗಲಿಯಲ್ಲಿ ನಾವಿಬ್ಬರೇ ಕೂತಿದ್ದೆವು. ಅವರ ಸ್ವರ ಇನ್ನೂ ಒಡೆದಿತ್ತು.

"ಬೆಳಿಗ್ಗೆ ನಾನ್ ನಿಮ್ಮ ಮೋರಿ ಕಂಡೆ ಅಲ್ದಾ? ನಿಮ್ಗ್ ಗೊತ್ತಾಯ್ತ್. ಬತ್ತಿಲ್ಲೆ ಅಂದಿದ್ರೆ ಮಗಳೆದ್ರ್ ಆ ಮಕ್ಕಳ್ ಅಂಗಿ ಹಾಯ್ಕಣ್ಕಿತ್. ನೀವ್ ನನ್ನ ಮರ್ಯಾದಿ ಉಳ್ಸಿರಿ. ಬೇರೆ ಯಾರ್ ಆಯಿದ್ರೂ ಹೇಳಿಬಿಡ್ತಿದ್ರ್."

ನಾನು ಏನೋ ಹೇಳಹೋದೆ. ಅವರು, "ಸುಮ್ನಿರಿ, ಗೊತ್ತಿತ್ತ್ ನಂಗೆ" ಎಂದು ನನ್ನ ಬೆನ್ನು ಸವರಿದರು.

ಊರಿಗೆ ಬಂದ ಮೇಲೂ ಯಾವ ಮದುವೆಮನೆಯಲ್ಲಿ ಸಿಕ್ಕಿದರೂ ನಾಲ್ಕು ಜನರ ಮುಂದೆ, "ನನ್ನ ಭಾವ ಅಂದ್ರೆ ಭಾವ" ಎನ್ನುತ್ತಾರೆ. ನಾನು ಅರ್ಧ ಊಟಕ್ಕೇ ಎಲೆ ಮಡಚಿ ಏಳುತ್ತೇನೆ. ಭಾವನ ಕಣ್ಣು ಮಂಜಾದ್ದರಿಂದ ನಾನು ಬರೆದ ಇದನ್ನು ಮಗಳೇ ಅವರಿಗೆ ಓದಿ ಹೇಳುತ್ತಾಳೆ. ಹೇಳಲಿ. ಭಾವ, ಆ ಬೆಳಿಗ್ಗೆ ನಿಮ್ಮ ಮುಖದಲ್ಲಿ ನಾನು ಓದಿದ್ದು ಬೇರೆ. ಬತ್ತಿಲ್ಲೆ ಅಂದೇಳಿ ಹೇಳಿ, ನನ್ನ ಉಳ್ಸಿ ಎಂದು ನೀವು ಬೇಡಿಕೊಳ್ಳುತ್ತಿದ್ದೀರಿ ಎಂದೇ ನಾನು ತಿಳಿದದ್ದು. ತಿಳಿದೂ ಬತ್ತ್ ಎಂದು ಹೇಳಿದೆ.