ನಾನು ಬಿ ಸೈಡಿನವನು

ಮನುಷ್ಯ ತನಗೆ ತಿಳಿಯದ ವಿಷಯದಲ್ಲಿ ವಾದಿಸುವಷ್ಟು ಜೋರಾಗಿ ತಿಳಿದ ವಿಷಯದಲ್ಲಿ ವಾದಿಸುವುದಿಲ್ಲ. ನನ್ನನ್ನೇ ನೋಡಿ. ಕಬ್ಬಿನ ತೂಕದ ಬಗ್ಗೆ ಯಾರಾದರೂ ತಕರಾರು ತೆಗೆದರೆ ಚೀಟಿ ತೋರಿಸಿ ಸುಮ್ಮನೆ ಕೂಡುತ್ತಿದ್ದವನು ನಾನು. ಅದೇ ನಾನು ಇಂಗ್ಲಿಷಿನ ಎರಡು ಹಳೆಯ ರಾಕ್ ಬ್ಯಾಂಡುಗಳಲ್ಲಿ ಯಾವುದು ದೊಡ್ಡದು ಎಂದು ಮೂವತ್ತು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಅವರು ಹಾಡುವುದರಲ್ಲಿ ನನಗೆ ತಿಳಿಯುವುದು ‘ಬೇಬಿ’ ಎಂಬ ಒಂದೇ ಶಬ್ದ. ಬ್ಯಾಂಡುಗಳ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವೂ ಒಂದು ಕಡೆ ಸೇರಿಕೊಳ್ಳುತ್ತೀರಿ; ಇದ್ದ ಜಗಳವೇ ನನಗೆ ಸಾಕಾಗಿದೆ.

ನಾನು ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ, ಅಂದರೆ ಕಬ್ಬಿನ ಲಾರಿ ತೂಗುವಲ್ಲಿ, ಕಾರಕೂನನಾಗಿದ್ದೆ. ಇಮಾಮಸಾಬರು ಕಬ್ಬಿನ ಲಾರಿಯ ಡ್ರೈವರು. ಕಬ್ಬು ಅರೆಯುವ ಹಂಗಾಮಿನಲ್ಲಿ ಲಾರಿಗಳು ತಮ್ಮ ಪಾಳಿಗಾಗಿ ಅಂಗಳದಲ್ಲಿ ತಾಸುಗಟ್ಟಲೆ ನಿಲ್ಲುತ್ತಿದ್ದವು. ಮಿಕ್ಕ ಗಾಡಿಗಳೆಲ್ಲ ಜಾನಪದ ಹಾಡು ಹಚ್ಚಿಕೊಂಡರೆ ಇಮಾಮಸಾಬರ ಲಾರಿಯಿಂದ ಗಿಟಾರು ಕಿರುಚುತ್ತಿತ್ತು. ಅದಕ್ಕೆ ಕಾರಣ ನಾನೇ. ಬೆಳಗಾವಿಯಲ್ಲಿ ಓದುವಾಗ ನನ್ನ ಹಾಸ್ಟೆಲ್ ಕೋಣೆಯಲ್ಲಿದ್ದ ಗೋವಾದವನೊಬ್ಬ ಈ ಎರಡು ಬ್ಯಾಂಡುಗಳ ಹೆಸರನ್ನು ಜಪ ಮಾಡುತ್ತಿದ್ದ. ನೌಕರಿ ಸಿಕ್ಕ ಮೇಲೆ, ಹಾಡು ತುಂಬಿಕೊಡುವ ಅಂಗಡಿಗೆ ಹೋಗಿ ಖಾಲಿ ಕ್ಯಾಸೆಟ್ಟು ಕೊಟ್ಟೆ. ಎ ಸೈಡಿಗೆ ಒಂದು ಬ್ಯಾಂಡು, ಬಿ ಸೈಡಿಗೆ ಇನ್ನೊಂದು ಎಂದು ಚೀಟಿಯನ್ನೂ ಬರೆದುಕೊಟ್ಟೆ. ವಾರದ ಮೇಲೆ ಹೋದಾಗ ಕ್ಯಾಸೆಟ್ಟಿನ ಮೇಲೆ ಎರಡೂ ಹೆಸರನ್ನು ಅಂದವಾಗಿ ಬರೆದಿತ್ತು. ನನ್ನ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಇಮಾಮಸಾಬರ ಲಾರಿಯಲ್ಲಿತ್ತು.

ಅವರು ಎ ಸೈಡಿಗೆ ಬಿದ್ದರು. ನಾನು ಬಿ ಸೈಡು ಹಿಡಿದೆ. ಯಾಕೆ ಎಂದು ಕೇಳಿದರೆ, ಅವರು ಎ ಹಿಡಿದದ್ದೇ ಕಾರಣವಿರಬೇಕು.

“ಬಸಣ್ಣಾರ, ಎ ಸೈಡ್ ಹಚ್ಚಿದ್ರ ಲೋಡ್ ಗಾಡಿ ಏರು ಹತ್ತೋ ಮುಂದ ತಾನ ಗೇರ್ ಬದಲಿ ಮಾಡ್ತೈತ್ರಿ,” ಎನ್ನುತ್ತಿದ್ದರು. “ನಿಮ್ಮ ಬಿ ಸೈಡಿಗೆ ನಿದ್ದಿ ಬರ್ತೈತಿ.”

“ಸಾಬರ, ಸಂಗೀತ ಅಂದ್ರ ಗೇರ್ ಬಾಕ್ಸ್ ಅಲ್ರಿ,” ಎನ್ನುತ್ತಿದ್ದೆ ನಾನು. ಜಗಳದಲ್ಲೂ ಇಬ್ಬರೂ ‘ರೀ’ ಬಿಟ್ಟವರಲ್ಲ.

ಒಂದು ಸಲ ಮಾತ್ರ ಹದ ತಪ್ಪಿತು. “ನಿಮ್ಮ ಹಾಡುಗಾರ ನಮ್ಮ ಸೈಡಿನವನ ದನಿ ಕದ್ದಾನ್ರಿ. ಕಿವಿಗೊಟ್ಟು ಕೇಳ್ರಿ, ಸ್ವಲ್ಪನೂ ಫರಕ ಇಲ್ಲ,” ಎಂದುಬಿಟ್ಟರು. ನನ್ನ ಮನೆತನಕ್ಕೇ ಕಳ್ಳತನದ ಆರೋಪ ಬಂದಷ್ಟು ಸಿಟ್ಟು ಬಂತು. ಆ ಹಂಗಾಮು ಮುಗಿಯುತ್ತ ಬರುವವರೆಗೂ ಮುಖ ನೋಡದೆ ಕಿಟಕಿಯಿಂದ ತೂಕದ ಚೀಟಿ ಚಾಚುತ್ತಿದ್ದೆ. ಕೊನೆಗೆ ರಂಜಾನ್ ಹಬ್ಬದ ಮರುದಿನ ಅದೇ ಕಿಟಕಿಯಲ್ಲಿ ಸುರಕುಂಬಾ ಎಂಬ ಶಾವಿಗೆ ಪಾಯಸದ ಡಬ್ಬಿಯೊಂದು ಬಂದು ಕೂತಿತು. ಡಬ್ಬಿ ಖಾಲಿ ಮಾಡಿ ಮಾತು ಶುರು ಮಾಡಿದೆ. ಪಕ್ಷ ಬಿಡಲಿಲ್ಲ.

ಈಗ ನಾನು ನಿವೃತ್ತನಾಗಿ ಬೈಲಹೊಂಗಲದಲ್ಲಿದ್ದೇನೆ, ಅವರು ಎಂ.ಕೆ. ಹುಬ್ಬಳ್ಳಿಯಲ್ಲಿ. ಲಾರಿಯ ಸದ್ದಿಗೋ ಗಿಟಾರಿನ ಸದ್ದಿಗೋ, ಇಮಾಮಸಾಬರ ಎರಡೂ ಕಿವಿ ಪೂರ್ತಿ ಹೋಗಿವೆ. ಯಂತ್ರ ಹಚ್ಚಿದರೂ ಕೇಳಿಸುವುದಿಲ್ಲ. ಮನೆಯವರು ಒಳ್ಳೆಯವರೇ, ಆದರೆ ಊಟ ಆಯಿತೇ, ಗುಳಿಗೆ ತಗೊಂಡಿರಾ ಎಂದು ಕೈಸನ್ನೆಯಲ್ಲಿ ಕೇಳಿದರೆ ಅವರ ಮಾತು ಮುಗಿಯಿತು. ದಿನವಿಡೀ ಆ ಮನುಷ್ಯ ಗೋಡೆಗೆ ಒರಗಿ ಬೀದಿ ನೋಡುತ್ತ ಕೂತಿರುತ್ತಾರೆ. ಅದಕ್ಕೇ ಗುರುವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ, ಪಾಟಿಯ ಮೇಲೆ ಬಳಪದಿಂದ ಬರೆದು ಜಗಳವಾಡಿ ಬರುತ್ತೇನೆ. ಕ್ಯಾಸೆಟ್ಟನ್ನು ಅವರು ಹೋದ ವರ್ಷವೇ ನನಗೆ ಕೊಟ್ಟುಬಿಟ್ಟರು. “ನನ್ನ ಕಡೆ ಇದ್ದು ಏನ್ ಮಾಡೂದೈತ್ರಿ,” ಎಂದರು.

ಹೋದ ವಾರ ಹಳೆಯ ಟೇಪ್ ರೆಕಾರ್ಡರೊಂದನ್ನು ಸಂಪಾದಿಸಿ ಆ ಕ್ಯಾಸೆಟ್ಟು ಹಚ್ಚಿಕೊಂಡು ಕೂತಿದ್ದಾಗ ಸೊಸೆ ಫೋನು ತಂದು ಪಕ್ಕದಲ್ಲಿ ಹಿಡಿದಳು. “ಮಾಮಾರ, ಇದು ಹಾಡ ಕೇಳಿ ಯಾರ್ ಹಾಡ್ಯಾರ ಅಂತ ಹೇಳ್ತೈತ್ರಿ.” ಎ ಸೈಡಿನ ಹಾಡಿಗೆ ಇಮಾಮಸಾಬರ ಬ್ಯಾಂಡಿನ ಹೆಸರು ಬಂತು. ಸರಿ. ಕ್ಯಾಸೆಟ್ಟು ಹೊರಳಿಸಿದೆ. ಬಿ ಸೈಡಿಗೂ ಇಮಾಮಸಾಬರ ಬ್ಯಾಂಡೇ. ಮುಂದಿನ ಹಾಡಿಗೂ, ಅದರ ಮುಂದಿನದಕ್ಕೂ. ಅಂಗಡಿಯವನಿಗೆ ಎರಡನೆಯ ಬ್ಯಾಂಡು ಸಿಕ್ಕಿರಲಿಲ್ಲವೇನೋ. ಎರಡೂ ಕಡೆ ಒಂದನ್ನೇ ತುಂಬಿ, ನನ್ನ ಚೀಟಿ ನೋಡಿ ಎರಡು ಹೆಸರು ಬರೆದುಕೊಟ್ಟಿದ್ದ. ನಾನು ಮೂವತ್ತು ವರ್ಷ ಕಾದಾಡಿದ್ದು ಒಮ್ಮೆಯೂ ಕೇಳದ ಬ್ಯಾಂಡಿನ ಪರವಾಗಿ. “ನಿಮ್ಮ ಬ್ಯಾಂಡ್ ಹಚ್ಚಲೇನ್ರಿ?” ಎಂದು ಸೊಸೆ ಅದನ್ನೂ ಫೋನಿನಲ್ಲಿ ಕೇಳಿಸಿದಳು. ಎರಡನೆಯ ಹಾಡಿಗೆ ತಲೆನೋವು ಬಂದು ಸಾಕು ಎಂದೆ.

ಈ ಗುರುವಾರ ಎಲ್ಲ ಹೇಳಿಬಿಡಬೇಕೆಂದೇ ಹೋದೆ. ಪಾಟಿ ತೊಡೆಯ ಮೇಲಿಟ್ಟುಕೊಂಡು ‘ಅಂಗಡಿಯವನು’ ಎಂದು ಬರೆದೆ. ಅಷ್ಟರಲ್ಲಿ ಇಮಾಮಸಾಬರೇ ಮಾತು ತೆಗೆದರು. “ನಿಮಗರ ಕಿವಿ ಅದಾವ್ರಿ, ಬಸಣ್ಣಾರ. ಇನ್ನೊಮ್ಮೆ ನಿಧಾನ ಕೇಳಿ ನೋಡ್ರಿ. ನಮ್ಮ ಬ್ಯಾಂಡ್ ದೊಡ್ಡದು ಅಂತ ನಿಮಗ ತಿಳೀತೈತಿ.”

ಬರೆದದ್ದನ್ನು ಅಂಗೈಯಿಂದ ಒರೆಸಿದೆ. ‘ಕೇಳಿದೆ. ಬಿ ಸೈಡೇ ಮೇಲು’ ಎಂದು ಬರೆದೆ. ಅವರು ಓದಿ ತೊಡೆ ತಟ್ಟಿಕೊಂಡು, ಕಿವುಡರ ಆ ದೊಡ್ಡ ದನಿಯಲ್ಲಿ ಅರ್ಧ ತಾಸು ನನ್ನನ್ನು ಬೈದರು. ಮುಖಕ್ಕೆ ಕಳೆ ಬಂದಿತ್ತು. ಒಳಗಿನಿಂದ ಅವರ ಹೆಂಡತಿ, ನಮ್ಮ ಭಾಭಿ, ಬಗ್ಗಿ ನೋಡಿ, ಕೇಳದೆಯೇ ಮತ್ತೊಂದು ಕಪ್ ಚಹಾ ತಂದಿಟ್ಟರು.

ಗೆಳೆಯನಿಗೆ ಉಳಿದಿರುವ ಒಂದೇ ಮಾತುಕತೆಯನ್ನು ಉಳಿಸಿದೆ ಎಂದು ಬಸ್ಸಿನಲ್ಲಿ ನನ್ನನ್ನು ನಾನೇ ಹೊಗಳಿಕೊಂಡೆ. ಬೈಲಹೊಂಗಲ ಬರುವಷ್ಟರಲ್ಲಿ ಆ ಹೊಗಳಿಕೆ ಬಾಯಲ್ಲಿ ಕಹಿಯಾಗಿತ್ತು. ಮೂವತ್ತು ವರ್ಷ ಕಾಟಾದಲ್ಲಿ ಕೂತು ಯಾರ ಕಬ್ಬನ್ನೂ ಒಂದು ಕಿಲೋ ಹೆಚ್ಚುಕಡಿಮೆ ಬರೆಯದ ಕೈ ನನ್ನದು. ಇಮಾಮಸಾಬರು ಗೆದ್ದಿದ್ದಾರೆಂದು ಗೊತ್ತಾದ ಮೇಲೆ ಆ ಕೈ ಬರೆದ ಮೊದಲ ತೂಕವೇ ಸುಳ್ಳು.